ಬಾರದ ಮಳೆಗೆ ಲಾಂಚ್ ನಿಲ್ಲಿಸಿದವಳು

ಮೊನ್ನೆ ಅಂಬಿಕಾನಗರದಲ್ಲಿ ಒಬ್ಬ ಬಾಣಂತಿಯನ್ನು ಮನೆಗೆ ಬಿಟ್ಟು, ಖಾಲಿ ಆಂಬುಲೆನ್ಸಿನಲ್ಲಿ ದಾಂಡೇಲಿಗೆ ವಾಪಸು ಬರುತ್ತಿದ್ದೆ. ಕುಳಗಿಯ ಹತ್ತಿರ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಏಳತೊಡಗಿತು. ಡ್ರೈವರ್ ಗಾಡಿಯನ್ನು ನೆರಳಿಗೆ ನಿಲ್ಲಿಸಿ ಬಾನೆಟ್ ಎತ್ತಿದ. ಕಾದ ಎಣ್ಣೆ, ಬೆಂದ ರಬ್ಬರು, ಕುದಿಯುವ ನೀರು ಎಲ್ಲ ಕೂಡಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಅವನು ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದಾಗ ನಾನು ಮುಟ್ಟಬೇಡವೆಂದು ಗದರಿಬಿಟ್ಟೆ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಯಾರನ್ನೂ ಹಾಗೆ ಗದರಿದ್ದಿಲ್ಲ. ಅವನು ಬೆಚ್ಚಿ ಕೈ ತೆಗೆದು, ಇದನ್ನೆಲ್ಲ ಎಲ್ಲಿ ಕಲಿತಿರಿ ಮೇಡಂ ಎಂದು ಕೇಳಿದ. ಇಂಜಿನ್ ತಣ್ಣಗಾಗುವ ತನಕ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಆ ವಾಸನೆ ಹೋಗಲಿಲ್ಲ... ಅದರ ಹಿಂದೆಯೇ ಮಾವಶಿ ಬಂದಳು.

ತಾಯಿಯ ತಂಗಿಯನ್ನು ನಮ್ಮ ಕಡೆ ಮಾವಶಿ ಎನ್ನುತ್ತಾರೆ. ಆಕೆ ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನ ಎರಡೂ ದಂಡೆಯ ಜನರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಆಗ ನಾನು ಹೊಸದಾಗಿ ಜೋಯಿಡಾ ತಾಲೂಕಿಗೆ ಆರೋಗ್ಯ ಸಿಸ್ಟರ್ ಆಗಿ ಬಂದವಳು. ಸೂಪಾ ಹಿನ್ನೀರಿನ ಆಚೆ ದಂಡೆಯ ಊರುಗಳ ಬಸುರಿ ಬಾಣಂತಿಯರು, ಮಕ್ಕಳ ಚುಚ್ಚುಮದ್ದು ನನ್ನ ಕೆಲಸ. ಹುಟ್ಟಿದ್ದು ಮುಂಡಗೋಡದ ಕಡೆ, ಭತ್ತ ಗೋವಿನಜೋಳದ ಬಯಲಿನಲ್ಲಿ. ನೀರೆಂದರೆ ಊರ ಮುಂದಿನ ಕೆರೆ ಎಂದು ತಿಳಿದಿದ್ದ ನನಗೆ, ಗುಡ್ಡಗಳನ್ನೇ ನುಂಗಿ ಮಲಗಿದ್ದ ಆ ನೀರನ್ನು ಮೊದಲ ಸಲ ಕಂಡಾಗ ಅಂಚಿಗೆ ಹೋಗಲು ಧೈರ್ಯ ಬಂದಿರಲಿಲ್ಲ.

ದಾಟಲು ಇದ್ದದ್ದು ಒಂದೇ ಲಾಂಚ್. ಕಬ್ಬಿಣದ ಮೈ, ಮೇಲೆ ತಗಡಿನ ಮಾಡು, ಹಿಂಭಾಗದಲ್ಲಿ ಮರದ ಪೆಟ್ಟಿಗೆಯೊಳಗೆ ಡೀಸೆಲ್ ಇಂಜಿನ್. ಅದರ ಪಕ್ಕ ಚುಕ್ಕಾಣಿ ಹಿಡಿದು, ಸೀರೆಯ ಕಚ್ಚೆ ಕಟ್ಟಿ, ತಲೆಗೆ ಟವೆಲ್ ಸುತ್ತಿಕೊಂಡು ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನಿಂತಿದ್ದಳು. ನಾನು ಡ್ರೈವರ್ ಎಲ್ಲಿ ಎಂದು ಕೇಳಿದೆ.

“ನಿಮ್ಮ ಮುಂದ ನಿಂತೇನಿ ನೋಡ್ರಿ ಸಿಸ್ಟರ್,” ಅಂದಳು. ನಗಲಿಲ್ಲ.

ಆಕೆ ಹಳಿಯಾಳದವಳು. ತಂದೆಯದು ಹಿಟ್ಟಿನ ಗಿರಣಿ. ಕರೆಂಟು ಕೈಕೊಡುತ್ತಿದ್ದ ಕಾಲಕ್ಕೆ ಗಿರಣಿಯಲ್ಲೊಂದು ಡೀಸೆಲ್ ಇಂಜಿನ್ ಇತ್ತಂತೆ. ಅಣ್ಣಂದಿರು ಗಿರಣಿಯ ಧೂಳಿಗೆ ಬೇಸತ್ತು ಬೇರೆ ಉದ್ಯೋಗ ಹಿಡಿದರು. ಈಕೆ ಮಾತ್ರ ಇಂಜಿನ್ನನ್ನು ಬಿಚ್ಚಿ, ತೊಳೆದು, ಜೋಡಿಸಿ ಬೆಳೆದಳು. ಬಲ ಮೊಳಕೈ ಕೆಳಗೆ ಬಿಸಿನೀರು ಸಿಡಿದ ಸುಟ್ಟ ಕಲೆ ಆ ಕಾಲದ್ದು. ಮದುವೆಯಾಗಿ ಹಿನ್ನೀರಿನಾಚೆಯ ಊರಿಗೆ ಬಂದಳು. ಗಂಡ ಗದ್ದೆ ಮಾಡಿಕೊಂಡಿದ್ದ, ಮಾತು ಬಹಳ ಕಡಿಮೆಯ ಮನುಷ್ಯ. ಮನೆಯಲ್ಲಿ ಕೊಂಕಣಿ. ಆಕೆ ಕೊಂಕಣಿಯನ್ನೂ ಹಳಿಯಾಳದ ದಾಟಿಯಲ್ಲೇ ಆಡುತ್ತಿದ್ದಳು, ಜನ ನಗುತ್ತಿದ್ದರು, ಆಕೆಗೆ ಅದರ ಪರಿವೆ ಇರಲಿಲ್ಲ.

ಲಾಂಚ್ ಒಬ್ಬ ಗುತ್ತಿಗೆದಾರನದು. ಮೊದಲಿದ್ದ ಡ್ರೈವರ್ ಕಾರವಾರದ ಕಡೆ ಮೀನಿನ ದೋಣಿಗೆ ಹೋದಮೇಲೆ ಲಾಂಚ್ ದಂಡೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿತ್ತು. ಜನ ಕಾಡಿನ ದಾರಿಯಲ್ಲಿ ಸುತ್ತು ಹಾಕಿ ನಡೆಯುತ್ತಿದ್ದರು. ಒಂದು ದಿನ ಮಾವಶಿ ಹೋಗಿ ಇಂಜಿನ್ ಬಿಚ್ಚಿ ಕುಳಿತಳು. ಹೆಂಗಸು ಲಾಂಚ್ ಮುಟ್ಟಿದರೆ ಹೇಗೆ ಎಂದು ಊರ ಹಿರಿಯರು ಗಂಡನಿಗೆ ಹೇಳಿ ಕಳಿಸಿದರು. ಅವನು ಬಂದದ್ದು ಊಟದ ಡಬ್ಬಿ ಹಿಡಿದುಕೊಂಡು. ಇಂಜಿನ್ ಚಾಲೂ ಆಯಿತು. ಬೇರೆ ಯಾರಾದರೂ ಸಿಗುವ ತನಕ ಇರಲಿ ಎಂದು ಗುತ್ತಿಗೆದಾರ ಒಪ್ಪಿದ. ಆಕೆ ಅಷ್ಟಕ್ಕೇ ನಿಲ್ಲದೆ ಕಾರವಾರಕ್ಕೆ ಹೋಗಿ ಪರೀಕ್ಷೆ ಕೊಟ್ಟು ಲೈಸೆನ್ಸ್ ತಂದಳು. ಬೇರೆ ಯಾರಾದರೂ ಸಿಗುವ ತನಕ ಎನ್ನುವುದು ವರ್ಷಗಟ್ಟಲೆ ನಡೆಯಿತು.

ಮಾವಶಿಯನ್ನು ಸೊಕ್ಕಿನವಳು ಎನ್ನುತ್ತಿದ್ದರು. ಇರಬಹುದು. ಬೇಸಿಗೆಯಲ್ಲಿ ಆಕೆಯ ಸೊಕ್ಕು ಇನ್ನೂ ಏರುತ್ತಿತ್ತು. ಏಪ್ರಿಲ್ ಹೊತ್ತಿಗೆ ಹಿನ್ನೀರು ಇಳಿದು, ಮುಳುಗಿದ್ದ ಹಳೆಯ ಮರಗಳ ಒಣ ಬೊಡ್ಡೆಗಳು ಮೇಲೇಳುತ್ತವೆ. ನೀರಿನಲ್ಲಿ ಕೊಳೆತ ಎಲೆ, ಕೆಸರು. ಲಾಂಚಿನ ಇಂಜಿನ್ ಆ ನೀರನ್ನೇ ಒಳಗೆಳೆದುಕೊಂಡು ತಣ್ಣಗಾಗಬೇಕು. ಬಿಸಿಯಾದ ನೀರು ಪಕ್ಕದ ಕೊಳವೆಯಿಂದ ಹೊರಗೆ ಬೀಳಬೇಕು. ಮಾವಶಿಯ ಒಂದು ಕಣ್ಣು ದಾರಿಯ ಮೇಲಿದ್ದರೆ ಇನ್ನೊಂದು ಸದಾ ಆ ಧಾರೆಯ ಮೇಲೆ.

“ನೀವು ಪೇಶಂಟಿಗೆ ಮೊದ್ಲ ಏನ್ ಕೇಳ್ತೀರಿ? ಉಚ್ಚಿ ಸರಳ ಆಗ್ತೈತೇನು ಅಂತ ಹೌದಲ್ಲೊ? ಇದಕ್ಕೂ ಅದ,” ಎಂದು ಒಮ್ಮೆ ತುಂಬಿದ ಲಾಂಚಿನಲ್ಲಿ ನನಗೆ ಹೇಳಿದಳು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಂದಿನಿಂದ ಯಾರೂ ಆ ಧಾರೆಯನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

ಧಾರೆ ಸಣ್ಣಗಾದರೆ ಸಾಕು, ವೇಗ ಇಳಿಸುತ್ತಿದ್ದಳು. ಪೂರ್ತಿ ನಿಂತರೆ ಇಂಜಿನ್ ಬಂದ್. ಲಾಂಚನ್ನು ಯಾವುದಾದರೂ ಬೊಡ್ಡೆಗೆ ಕಟ್ಟಿ, ನೀರು ಎಳೆಯುವ ಬಾಯಿಯ ಜಾಳಿಗೆ ಬಿಚ್ಚಿ, ಸಿಕ್ಕಿದ ಎಲೆಗಳನ್ನು ತೆಗೆಯುತ್ತಿದ್ದಳು. ಅಷ್ಟಕ್ಕೆ ಹೊರಡುತ್ತಿರಲಿಲ್ಲ. ಪೆಟ್ಟಿಗೆಯ ಬಾಗಿಲು ತೆರೆದಿಟ್ಟು, ಇಂಜಿನ್ ತಾನಾಗಿ ಆರುವ ತನಕ ಕುಳಿತೇ ಇರುತ್ತಿದ್ದಳು. ಸಂತೆಗೆ ತಡವಾಗುವವರು, ಬಸ್ಸು ಹಿಡಿಯುವವರು ಗೊಣಗುತ್ತಿದ್ದರು. ಒಂದು ಕೊಡ ನೀರು ಸುರಿದು ತಣ್ಣಗೆ ಮಾಡಬಾರದೇ ಎಂದು ಯಾರೋ ಒಬ್ಬರು ಕೇಳಿದ್ದಕ್ಕೆ, ಕಾದ ಬೀಡುಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ, ಆಮೇಲೆ ನೀನು ಈಜಿಕೊಂಡು ಸಂತೆಗೆ ಹೋಗು ಎಂದಿದ್ದಳು. ಇಂಜಿನ್ನಿನ ಬಿಸಿನೀರಿನ ಟಾಕಿಯ ಮುಚ್ಚಳವನ್ನಂತೂ ಬಿಸಿಯಿದ್ದಾಗ ಯಾರೂ ಮುಟ್ಟುವಂತಿರಲಿಲ್ಲ. ನಾನು ಒಂದು ಸಲ ಸಹಾಯ ಮಾಡಲು ಹೋಗಿ ಬೈಸಿಕೊಂಡಿದ್ದೆ. ಆ ಗದರಿಕೆಯೇ ಮೊನ್ನೆ ನನ್ನ ಬಾಯಿಂದ ಬಂದದ್ದು.

ಒಂದು ಮೇ ತಿಂಗಳ ಮಧ್ಯಾಹ್ನ ಲಸಿಕೆಯ ಡಬ್ಬಿ ಹಿಡಿದು ವಾಪಸು ಹೊರಟಿದ್ದೆ. ಬೆಳಗಿನಿಂದ ಉಸಿರು ಕಟ್ಟುವ ಧಗೆ. ಅನಮೋಡದ ದಿಕ್ಕಿನ ಗುಡ್ಡದ ನೆತ್ತಿಯ ಮೇಲೆ ಕಪ್ಪು ಮೋಡ ಕೂತಿತ್ತು. ಮಾವಶಿ ಅದನ್ನೇ ನೋಡುತ್ತ ನಿಂತಳು. ಲಾಂಚಿನಲ್ಲಿದ್ದವರಿಗೆಲ್ಲ ಗಡಿಬಿಡಿ. ಬೇಗ ಬಿಟ್ಟರೆ ಮಳೆಗೆ ಮೊದಲೇ ಮುಟ್ಟುತ್ತೇವೆ ಎಂದು ನಾಲ್ಕು ಜನ ಅಂದರು. ಆಕೆ ಬಿಟ್ಟಳು.

ನಡುನೀರು ಮುಟ್ಟುವ ಹೊತ್ತಿಗೆ ಗಾಳಿ ಬಂತು, ಹಿಂದೆಯೇ ಮಳೆ. ಹಿನ್ನೀರಿನಲ್ಲಿ ಅಂಥ ಅಲೆ ಏಳಬಹುದೆಂದು ನನಗೆ ಗೊತ್ತಿರಲಿಲ್ಲ. ಮಾವಶಿ ಎಲ್ಲರನ್ನೂ ಬೆಂಚಿನಿಂದ ಇಳಿಸಿ ನಡುವೆ, ನೆಲದ ಮೇಲೆ ಕೂಡಿಸಿದಳು. ದಂಡೆ ಒಂದು ಪಕ್ಕಕ್ಕೆ ಹತ್ತಿರ ಕಾಣುತ್ತಿತ್ತು, ಆದರೆ ಆಕೆ ಅತ್ತ ತಿರುಗಿಸದೆ ಲಾಂಚಿನ ಮೂತಿಯನ್ನು ನೇರ ಗಾಳಿಗೆ ಇಟ್ಟಳು. ವೇಗ ಇಳಿಸಿದಳು. ಅಲೆಗೆ ಲಾಂಚಿನ ಹಿಂಭಾಗ ಎದ್ದಾಗ ಲಾಂಚನ್ನು ತಳ್ಳುವ ನೀರಿನಡಿಯ ಫ್ಯಾನ್ ಮೇಲೆ ಬಂದು ಇಂಜಿನ್ ಹುಚ್ಚೆದ್ದು ಕಿರುಚುತ್ತಿತ್ತು. ಪ್ರತಿ ಸಲವೂ ಆಕೆ ಅದಕ್ಕೆ ಮೊದಲೇ ಕೈ ಸಡಿಲಿಸುತ್ತಿದ್ದಳು, ಹಿಂಭಾಗ ಇಳಿದ ಮೇಲೆ ಮತ್ತೆ ಏರಿಸುತ್ತಿದ್ದಳು. ಆಕೆಯ ಮುಖದಲ್ಲಿ ಭಯ ಕಾಣಲಿಲ್ಲ, ಸಿಟ್ಟಿತ್ತು. ಯಾರ ಮೇಲೆ ಎಂದು ಆಗ ತಿಳಿಯಲಿಲ್ಲ.

ಆಮೇಲೆ ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತೇಬಿಟ್ಟಿತು. ಗಾಳಿ ಮಳೆಯ ಸದ್ದೊಂದೇ ಉಳಿಯಿತು. ಒಬ್ಬ ಮುದುಕಿ ದೇವರ ಹೆಸರು ಹೇಳತೊಡಗಿದಳು. ಮಾವಶಿ ಮುಂದಕ್ಕೆ ಓಡಿ, ಹಗ್ಗಕ್ಕೆ ಕಟ್ಟಿಟ್ಟಿದ್ದ ಎರಡು ದೊಡ್ಡ ಬಕೆಟ್ಟುಗಳನ್ನು ಮೂತಿಯ ಕಡೆಯಿಂದ ನೀರಿಗೆ ಎಸೆದಳು. ಅವು ನೀರು ತುಂಬಿಕೊಂಡು ಜಗ್ಗಿ ಹಿಡಿದದ್ದರಿಂದ ಲಾಂಚ್ ಅಡ್ಡ ತಿರುಗಲಿಲ್ಲ. ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟಳು.

“ಗಟ್ಟಿ ಹಿಡೀರಿ. ಅಲ್ಲಾಡಿಸಬ್ಯಾಡ್ರಿ. ನಾ ಹೇಳೂತನಾ ಬಿಡಬ್ಯಾಡ್ರಿ.”

ಕುಣಿಯುವ ಲಾಂಚಿನಲ್ಲಿ ಡೀಸೆಲ್ ಟಾಕಿಯ ತಳದ ಕೆಸರೆಲ್ಲ ಎದ್ದು ಫಿಲ್ಟರಿಗೆ ಬಂದು ಕೂತಿತ್ತು. ಆಕೆ ಮೊಣಕಾಲೂರಿ, ಮೈಯಿಂದ ಮಳೆನೀರನ್ನು ತಡೆಯುತ್ತ ಹಳೆಯ ಫಿಲ್ಟರ್ ಬಿಚ್ಚಿ ಹೊಸದು ಹಾಕಿದಳು. ಕೈಪಂಪಿನಿಂದ ಒತ್ತಿ ಒತ್ತಿ ಪೈಪಿನೊಳಗಿನ ಗಾಳಿ ಹೊರಗೆ ಹಾಕಿದಳು. ನನ್ನ ಕೈ ಮರಗಟ್ಟಿತ್ತು... ಎಷ್ಟು ಹೊತ್ತು ಹಿಡಿದಿದ್ದೆನೋ ನೆನಪಿಲ್ಲ. ಇಂಜಿನ್ ಮತ್ತೆ ಉಸಿರಾಡಿದಾಗ ಆಕೆ ಮೊದಲು ಬಗ್ಗಿ ನೋಡಿದ್ದು ಪಕ್ಕದ ಧಾರೆಯನ್ನು. ನಿಧಾನವಾಗಿ ಸಾಗಿ, ನೀರಿನಿಂದ ತಲೆ ಎತ್ತಿದ್ದ ಒಂದು ಗುಡ್ಡದ ಮರೆಗೆ ಲಾಂಚನ್ನು ಸೇರಿಸಿದಳು. ಮಳೆ ನಿಲ್ಲುವ ತನಕ ಅಲ್ಲೇ ಇದ್ದೆವು.

ದಂಡೆಗೆ ಬಂದ ಮೇಲೆ ಜನ ಆಕೆಯ ಕೈ ಹಿಡಿದು ಅತ್ತರು. ಆಕೆ ಯಾರ ಹೊಗಳಿಕೆಯನ್ನೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಹೋದಮೇಲೆ ನನ್ನ ಹತ್ತಿರ ಬಂದು ಕುಳಿತಳು.

“ಮೋಡ ಕಂಡಿದ್ದೆ ಸಿಸ್ಟರ್. ಕಂಡೂ ಬಿಟ್ಟೆ. ನಾಲ್ಕು ಮಂದಿ ಮಾತ ಕೇಳಿ ಬಿಟ್ಟೆ. ಇವತ್ತ ಉಳಿದೇವಿ, ಅದು ನನ್ನ ಶಾಣೇತನ ಅಲ್ಲ. ಇನ್ನ ಮ್ಯಾಲ ಆ ಗುಡ್ಡದ ಮ್ಯಾಲ ಮೋಡ ಕೂತಿದ್ರ ಯಾರ ಅಂದ್ರೂ ಬಿಡಂಗಿಲ್ಲ.”

ಸಿಟ್ಟು ಯಾರ ಮೇಲಿತ್ತೆಂದು ಆಗ ತಿಳಿಯಿತು.

ಮುಂದಿನ ಬೇಸಿಗೆಯಲ್ಲಿ ಮಾವಶಿಯ ಊರಿನ ಒಂದು ಹುಡುಗಿಯ ಮದುವೆ ನಿಶ್ಚಯವಾಯಿತು. ಈಚೆ ದಂಡೆಯ, ಜೋಯಿಡಾ ರಸ್ತೆಯ ಒಂದು ದೇವಸ್ಥಾನದಲ್ಲಿ ಗೋಧೂಳಿ ಮುಹೂರ್ತ. ಹೆಣ್ಣಿನ ಕಡೆಯವರೆಲ್ಲ ಲಾಂಚಿನಲ್ಲಿ ದಾಟಬೇಕು. ಹುಡುಗಿ ನನಗೆ ಚೆನ್ನಾಗಿ ಗೊತ್ತಿದ್ದವಳು, ನನ್ನನ್ನೂ ಕರೆದಿದ್ದಳು. ಮಧ್ಯಾಹ್ನ ನಾನು ಆಚೆ ದಂಡೆಯಲ್ಲೇ ಇದ್ದೆ. ಹಸಿರು ಸೀರೆ, ಬಾಸಿಂಗದ ಪೆಟ್ಟಿಗೆ, ಅಡುಗೆಯ ಪಾತ್ರೆಗಳು, ವಾಲಗದವರು, ಮಕ್ಕಳು ಮರಿ ಎಲ್ಲ ದಂಡೆಗೆ ಬಂದು ನಿಂತಿತ್ತು.

ಲಾಂಚಿಗೆ ಆಗುವುದಕ್ಕಿಂತ ಹೆಚ್ಚು ಜನ. ಧಗೆ ಹೋದ ವರ್ಷದಂಥದ್ದೇ. ಬೆಳಗಿನಿಂದ ಸಾಮಾನು ಸಾಗಿಸಿ ಇಂಜಿನ್ ಕಾದು ಕೂತಿತ್ತು. ಮತ್ತು ಆ ಗುಡ್ಡದ ನೆತ್ತಿಯ ಮೇಲೆ ಮೋಡ.

ಮಾವಶಿ ಇಂಜಿನ್ ಪೆಟ್ಟಿಗೆಯ ಬಾಗಿಲು ತೆರೆದಿಟ್ಟು, ಅದರ ಪಕ್ಕ ಕುಳಿತುಬಿಟ್ಟಳು. ಮೋಡ ದಾಟಿ ಹೋಗಲಿ, ಆಮೇಲೆ ಎರಡು ಸಲ ಮಾಡಿ ಎಲ್ಲರನ್ನೂ ದಾಟಿಸುತ್ತೇನೆ ಎಂದಳು. ಮೊದಲು ಬಂದು ಬೇಡಿಕೊಂಡವನು ಹುಡುಗಿಯ ತಂದೆ. ಮುಹೂರ್ತ ತಪ್ಪಿದರೆ ಗಂಡಿನ ಕಡೆಯವರು ಏನೆಂದಾರು, ನಂಟಸ್ತಿಕೆಯೇ ಮುರಿದೀತು ಎಂದು ಅವನು ಅಳುವ ಹಾಗಾಗಿದ್ದ. ಆಕೆ ಅವನ ಕೈ ಹಿಡಿದುಕೊಂಡು, ಇಲ್ಲ ಅಣ್ಣಾ ಎಂದಳು. ಆಮೇಲೆ ಹುಡುಗಿಯ ಸೋದರಮಾವ ಬಂದ. ಊರಿನಲ್ಲಿ ಅವನ ಮಾತಿಗೆ ಎದುರಿರಲಿಲ್ಲ, ಗುತ್ತಿಗೆದಾರನಿಗೂ ಬೇಕಾದವನು. ಅವನು ಬೇಡಲಿಲ್ಲ, ಬೈದ. ಹೆಂಗಸಿನ ಕೈಗೆ ಲಾಂಚ್ ಕೊಟ್ಟವರಿಗೆ ಬುದ್ಧಿಯಿಲ್ಲ ಎಂದ. ಹೋದ ವರ್ಷ ಹೆದರಿದವಳು ಇನ್ನೂ ಹೆದರಿಯೇ ಇದ್ದಾಳೆ ಎಂದ. ವಾಲಗದವರಲ್ಲಿ ಒಬ್ಬನಿಗೆ ಇಂಜಿನ್ ಗೊತ್ತಿದೆ, ಅವನೇ ನಡೆಸಲಿ, ಕೀಲಿ ಕೊಡು ಎಂದ.

“ಕೀಲಿ ನನ್ನ ಉಡಿಯಾಗ ಐತಿ,” ಅಂದಳು ಮಾವಶಿ. “ಬಂದು ತಗೋರಿ.”

ಅವನು ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಹಿಂದೆ ಎಲ್ಲೋ ಇದ್ದ ಮಾವಶಿಯ ಗಂಡ ನಡೆದು ಬಂದು ಹೆಂಡತಿಯ ಪಕ್ಕ ಕುಳಿತ. ಸೋದರಮಾವ ಹಿಂದೆ ಸರಿದ.

ಎಲ್ಲರೂ ಆಕಾಶ ನೋಡುತ್ತ ಕುಳಿತೆವು. ಮಳೆ ಬರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ದೊಡ್ಡ ಗಾಳಿ ಬರಲಿ, ಅಲೆ ಏಳಲಿ, ಈ ಜನರೆಲ್ಲ ಕಣ್ಣಾರೆ ನೋಡಲಿ... ಬರಲಿಲ್ಲ. ಒಂದಿಷ್ಟು ತಂಗಾಳಿ ಬೀಸಿತು, ಅಷ್ಟೇ. ಮೋಡ ಗುಡ್ಡದಿಂದ ಎದ್ದು ಎತ್ತಲೋ ಸರಿದು ಹೋಯಿತು. ಇಳಿಬಿಸಿಲು ಬಿದ್ದು ಹಿನ್ನೀರು ಕನ್ನಡಿಯ ಹಾಗೆ ಹೊಳೆಯಿತು. ಯಾರೋ ಜೋರಾಗಿ ನಕ್ಕರು. ಮಾವಶಿ ಎದ್ದು, ಇಂಜಿನ್ ಮೇಲೆ ಹಿಂಗೈ ಇಟ್ಟು ನೋಡಿ, ಎಣ್ಣೆ ನೋಡಿ, ಚಾಲೂ ಮಾಡಿದಳು. ಹೇಳಿದ ಹಾಗೆ ಎರಡು ಸಲ ಮಾಡಿ ಎಲ್ಲರನ್ನೂ ದಾಟಿಸಿದಳು. ಮುಹೂರ್ತ ಮುಗಿದು ಹೋಗಿತ್ತು. ಗಂಡಿನ ಕಡೆಯವರು ದೇವಸ್ಥಾನದ ಅಂಗಳದಲ್ಲಿ ಮುಖ ಗಂಟಿಕ್ಕಿ ಕೂತಿದ್ದರು. ಬಹಳ ಮಾತು ನಡೆಯಿತು. ಕೊನೆಗೆ ಭಟ್ಟರು ಮರುದಿನ ಬೆಳಿಗ್ಗೆ ಬೇರೆ ಮುಹೂರ್ತ ತೆಗೆದುಕೊಟ್ಟರು, ಮದುವೆ ಆಯಿತು. ಆದರೆ ಹೆಣ್ಣಿನ ಮನೆಯವರಿಗೆ ಆದ ಅವಮಾನ ಆಗಿಯೇ ಹೋಗಿತ್ತು.

ಶಾಲೆಯ ಕಟ್ಟೆಯ ಮೇಲೆ ಊರವರು ಕೂಡಿದರು. ಗುತ್ತಿಗೆದಾರನೂ ಬಂದಿದ್ದ. ಅವನೇನೂ ಕೆಟ್ಟವನಲ್ಲ, ಮಾವಶಿಯ ಕೆಲಸದ ಬೆಲೆ ಅವನಿಗೂ ಗೊತ್ತಿತ್ತು. ಮದುವೆಯ ಮನೆಯವರಿಗೆ ತಪ್ಪಾಯಿತು ಅಂತ ಒಂದು ಮಾತು ಹೇಳಿಬಿಡು, ಇಲ್ಲಿಗೆ ಬಿಡೋಣ, ಲಾಂಚ್ ನಿನ್ನ ಕೈಯಲ್ಲೇ ಇರಲಿ ಎಂದ. ಹುಡುಗಿಯ ತಂದೆ ತಲೆ ತಗ್ಗಿಸಿ ಕುಳಿತಿದ್ದ.

ಮಾವಶಿ ಅವನ ಕಡೆಗೇ ತಿರುಗಿ ಮಾತಾಡಿದಳು.

“ಅಣ್ಣಾ, ನಿನ್ನ ಮಗಳ ಮುಹೂರ್ತ ತಪ್ಪಿತು, ನನಗ ಭಾಳ ಕೆಟ್ಟ ಅನಸ್ತೈತಿ. ಅದನ್ನ ನೂರ ಸಲ ಹೇಳ್ತೇನಿ. ಆದ್ರ ಲಾಂಚ್ ಬಿಡಲಿಲ್ಲ, ಅದು ತಪ್ಪಲ್ಲ. ಮಳಿ ಬರಲಿಲ್ಲ ಖರೆ. ಬರಂಗಿಲ್ಲ ಅಂತ ಅವತ್ತ ಯಾರಿಗೆ ಗೊತ್ತಿತ್ತು? ನಾಳೆ ಅದ ಮೋಡ ಅಲ್ಲೆ ಕೂತ್ರ, ನಾ ನಾಳೇನೂ ಬಿಡಂಗಿಲ್ಲ.”

ನಾನು ಸುಮ್ಮನಿರಲಾರದೆ ಎದ್ದು ನಿಂತೆ. ಈ ಊರಿಗೆ ದಡಾರ, ಗೋಬರ ಬಂದು ಎಷ್ಟು ವರ್ಷವಾಯಿತು, ಬರಲಿಲ್ಲವೆಂದು ನಾನು ಹಾಕಿದ ಚುಚ್ಚುಮದ್ದು ದಂಡವೇ ಎಂದು ಕೇಳಿದೆ. ನನ್ನ ಕೆಲಸವೂ ಅಂಥದ್ದೇ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದುದಕ್ಕೆ ಯಾರೂ ನೆನೆಯುವುದಿಲ್ಲ. ಸೋದರಮಾವ, ನೀವು ನಿಮ್ಮ ಸೂಜಿ ನೋಡಿಕೊಳ್ಳಿ ಸಿಸ್ಟರ್, ಊರ ಮಾತಿಗೆ ಬರಬೇಡಿ ಎಂದ. ನನ್ನ ಮೇಲೆ ಮೇಲಿನವರಿಗೆ ಒಂದು ದೂರೂ ಹೋಯಿತು. ಹೋಗಲಿ. ಇಂದು ಯಾರಾದರೂ ಕೇಳಿದರೂ ಅದೇ ಮಾತು ಹೇಳುತ್ತೇನೆ.

ಲಾಂಚ್ ಆಕೆಯ ಕೈ ತಪ್ಪಿತು. ಗುತ್ತಿಗೆದಾರ ಹಳಿಯಾಳದ ಕಡೆಯ ತನ್ನ ಸಂಬಂಧಿಕನೊಬ್ಬನನ್ನು ತಂದು ನಿಲ್ಲಿಸಿದ. ಲಾರಿ ಓಡಿಸಿ ಬಂದವನು, ಗಟ್ಟಿ ಆಳು. ಮಾವಶಿ ಮುಖ ತಿರುಗಿಸಿಕೊಂಡು ಮನೆಯಲ್ಲಿ ಕೂಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆಕೆ ಅವನನ್ನು ದಂಡೆಗೆ ಕರೆದುಕೊಂಡು ಹೋಗಿ ಇಡೀ ದಿನ ಇಂಜಿನ್ ತೋರಿಸಿದಳು. ಜಾಳಿಗೆ ಹೇಗೆ ಬಿಚ್ಚಬೇಕು, ಮಳೆಗಾಲಕ್ಕೆ ಮೊದಲು ಡೀಸೆಲ್ ಟಾಕಿಯ ತಳ ಹೇಗೆ ತೊಳೆಯಬೇಕು, ಗಾಳಿಯಲ್ಲಿ ಬಕೆಟ್ಟಿನ ಹಗ್ಗ ಎಲ್ಲಿ ಕಟ್ಟಬೇಕು, ಎಲ್ಲ. ಅವನು ಬಕೆಟ್ಟು ನೋಡಿ ನಕ್ಕನಂತೆ. ನಗು, ಆದರೆ ಬಿಚ್ಚಬೇಡ ಎಂದಳಂತೆ.

ಅಷ್ಟಕ್ಕೇ ಬಿಟ್ಟಳೇ? ಇಲ್ಲ. ಪ್ರತಿ ಸಂತೆಯ ದಿನ ಬಂದು ಲಾಂಚಿನಲ್ಲಿ ಎಲ್ಲರಂತೆ ಕೂಡತೊಡಗಿದಳು. ಸಂತೆಯಲ್ಲಿ ಆಕೆಗೆ ಕೊಳ್ಳುವುದೇನೂ ಇರುತ್ತಿರಲಿಲ್ಲ. ಕೂಡುತ್ತಿದ್ದದ್ದು ಇಂಜಿನ್ ಪೆಟ್ಟಿಗೆಗೆ ಬೆನ್ನು ತಾಗಿಸಿ. ಹೊಸ ಡ್ರೈವರನಿಗೆ ಅದು ಮುಳ್ಳಿನ ಮೇಲೆ ನಿಂತ ಹಾಗೆ. ಈ ಮುದುಕಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಗುತ್ತಿಗೆದಾರನಿಗೆ ದೂರು ಹೇಳಿದ. ಎಲ್ಲರಿಗೂ ಇರುವ ಹಕ್ಕು ಆಕೆಗೂ ಇದೆಯಲ್ಲ ಎಂದು ಗುತ್ತಿಗೆದಾರ ಕೈಚೆಲ್ಲಿದ.

ಒಂದು ಸುಡುಬಿಸಿಲಿನ ದಿನ ನಾನೂ ಆ ಲಾಂಚಿನಲ್ಲಿದ್ದೆ. ನಡುದಾರಿಯಲ್ಲಿ ಧಾರೆ ಸಣ್ಣಗಾಗಿ ನಿಂತೇಹೋಯಿತು. ಡ್ರೈವರ್ ನೋಡಿಯೂ ನೋಡದವನಂತೆ ಇದ್ದ. ನಾನು ಮಾವಶಿಯ ಕಡೆ ನೋಡಿದೆ. ಆಕೆ ಬಾಯಿ ತೆರೆಯುವುದಕ್ಕೆ ಮೊದಲೇ ಮುಂದಿನಿಂದ ಒಂದು ದನಿ ಎದ್ದಿತು. ಗಾಳಿಯ ದಿನ ದೇವರ ಹೆಸರು ಹೇಳುತ್ತಿದ್ದ ಅದೇ ಮುದುಕಿ.

“ಏ ತಮ್ಮಾ, ಉಚ್ಚಿ ನಿಂತೈತಿ ನೋಡು. ಬಂದ್ ಮಾಡು.”

ಅವನು ಇನ್ನೇನು ದಂಡೆ ಬಂತು ಎಂದ. ಇನ್ನೊಬ್ಬಳು ಎದ್ದು ನಿಂತಳು. ಅವಳ ಪಕ್ಕದವಳೂ ಎದ್ದಳು. ತರಕಾರಿ ಬುಟ್ಟಿಯವರು, ಮಗುವನ್ನು ಎತ್ತಿಕೊಂಡವರು, ಎಲ್ಲ ಹೆಂಗಸರೂ ಬಂದ್ ಮಾಡು, ಬಂದ್ ಮಾಡು ಎಂದು ಶುರುಮಾಡಿದರು. ಲಾಂಚ್ ಓಲಾಡತೊಡಗಿತು. ಎಲ್ಲರೂ ಕೂಡ್ರಿ, ಬಂದ್ ಮಾಡುತ್ತೇನೆ ಎಂದು ಅವನೇ ಕೈ ಮುಗಿಯಬೇಕಾಯಿತು. ಜಾಳಿಗೆ ಬಿಚ್ಚಿದ, ಎಲೆ ತೆಗೆದ, ಇಂಜಿನ್ ಆರುವ ತನಕ ಕಾದ. ಯಾರೂ ಗೊಣಗಲಿಲ್ಲ. ಯಾರೋ ಕಡಲೆಕಾಯಿ ಹಂಚಿದರು. ಮಾವಶಿ ನೀರನ್ನು ನೋಡುತ್ತ ಕುಳಿತಿದ್ದಳು. ಆಕೆಯ ಮುಖದ ಮೇಲೆ ನಾನು ನಗು ಕಂಡದ್ದು ಅದೊಂದೇ ಸಲ ಇರಬೇಕು... ಬಿಸಿಲಿಗೆ ಕಣ್ಣು ಕಿರಿದಾಗಿಸಿದ್ದಳೋ ಏನೋ.

ಆಮೇಲೆ ನನಗೆ ಮುಂಡಗೋಡಿಗೆ ವರ್ಗವಾಯಿತು, ಅಲ್ಲಿಂದ ದಾಂಡೇಲಿಗೆ. ಹಿನ್ನೀರನ್ನು ಬಳಸಿ ಆ ಊರಿಗೆ ಡಾಂಬರು ರಸ್ತೆ ಬಂತು, ಲಾಂಚ್ ನಿಂತಿತು ಎಂದು ಕೇಳಿದೆ. ಹೋದ ಮಳೆಗಾಲದಲ್ಲಿ, ಅಂದು ಮುಹೂರ್ತ ತಪ್ಪಿದ್ದ ಹುಡುಗಿ ತನ್ನ ಎರಡನೆಯ ಮಗುವನ್ನು ನಮ್ಮ ಆಸ್ಪತ್ರೆಗೆ ಕರೆತಂದಿದ್ದಳು. ಮಾವಶಿ ಎದೆನೋವಿನಿಂದ ತೀರಿಹೋದದ್ದನ್ನು ಅವಳೇ ಹೇಳಿದಳು. ಅವತ್ತು ಸರದಿಯಲ್ಲಿ ಬಹಳ ಮಕ್ಕಳಿದ್ದವು, ಕೆಲಸ ಮುಂದುವರಿಸಿದೆ. ಹೋಗಬೇಕು, ಹೋಗಬೇಕು ಅಂದುಕೊಂಡು ತಿಂಗಳುಗಳು ಹೋದವು. ಕುಳಗಿಯ ಹತ್ತಿರ ಆ ವಾಸನೆ ಮೂಗಿಗೆ ಬಡಿದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಆ ಭಾನುವಾರವೇ ಜೀಪ್ ಹಿಡಿದು ಹೋದೆ.

ಹುಡುಗಿ ತವರಿಗೆ ಬಂದಿದ್ದಳು, ನಾನು ಬರುವ ಸುದ್ದಿ ಕೇಳಿ ಮಾವಶಿಯ ಮನೆಗೇ ಬಂದು ಚಹಾ ಮಾಡಿದಳು. ಅವಳ ಸೋದರಮಾವನೂ ಬಂದು ಜಗಲಿಯಲ್ಲಿ ಕುಳಿತ. ವಯಸ್ಸಾಗಿದೆ, ಕೈಯಲ್ಲಿ ಕೋಲು. ಸತ್ತವರ ಬಗ್ಗೆ ಆಡುವ ಒಳ್ಳೆಯ ಮಾತುಗಳನ್ನೆಲ್ಲ ಆಡಿ ಕೊನೆಗೆ, ಛಲೋ ಹೆಣ್ಣುಮಗಳು, ಹಟ ಒಂದು ಕಡಿಮೆಯಿದ್ದಿದ್ದರೆ, ಒಂದು ಸಲ ತಪ್ಪಾಯಿತು ಅಂದಿದ್ದರೆ, ಕೊನೆಯ ತನಕ ಲಾಂಚ್ ಅವಳ ಕೈಯಲ್ಲೇ ಇರುತ್ತಿತ್ತು ಎಂದ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿ ಚಹಾದ ಕಪ್ಪನ್ನು ಅವನ ಮುಂದಿಟ್ಟು ನೆಟ್ಟಗೆ ನಿಂತಳು.

“ಮಾಮಾ, ಅವತ್ತ ಲಾಂಚ್ ಬಿಟ್ಟು ಮಳಿ ಬಂದಿದ್ರ ನಾವ್ಯಾರೂ ಇರ್ತಿದ್ದಿಲ್ಲ. ಬರಲಿಲ್ಲ, ಅದಕ್ಕ ನಿಮಗ ಇಷ್ಟ ವರ್ಷ ಸಿಟ್ಟು. ಅಕಿ ಯಾಕ ತಪ್ಪಾತು ಅನಬೇಕು? ನನ್ನ ಮದುವಿ ಅದು. ನನಗಿಲ್ಲದ ಸಿಟ್ಟು ನಿಮಗ್ಯಾಕ?”

ಅವನು ಚಹಾ ಕುಡಿದ. ಒಪ್ಪಿದನೆಂದು ನಾನು ಹೇಳುವುದಿಲ್ಲ, ಒಪ್ಪಿದ ಮುಖ ಅದಲ್ಲ. ಒಪ್ಪಬೇಕೆಂದು ನಮಗೂ ಇರಲಿಲ್ಲ.

ಹೊರಟಾಗ ಮಾವಶಿಯ ಗಂಡ ಜೀಪಿನ ತನಕ ಬಂದ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ನಾನು ಪೂರ್ತಿ ಒಂದು ಮಾತು ಕೇಳಿದ್ದು ನೆನಪಿಲ್ಲ. ಜೀಪಿನ ಬಾಗಿಲು ಹಿಡಿದು ನಿಂತ. ಆಮೇಲೆ ಕೊಂಕಣಿಯ ದಾಟಿ ಬೆರೆತ ಕನ್ನಡದಲ್ಲಿ ನಿಧಾನವಾಗಿ ಹೇಳಿದ.

“ಮನಿಯಾಗ ಈಗ ಜಗಳಾ ತೆಗ್ಯಾವ್ರು ಯಾರೂ ಇಲ್ರಿ ಸಿಸ್ಟರ್. ಭಾಳ ಶಾಂತ ಐತಿ... ನನಗ ಸೇರವಲ್ದು.”

ಜೀಪ್ ಹೊರಟಿತು. ದಾರಿಯುದ್ದಕ್ಕೂ ಎಡಕ್ಕೆ ಹಿನ್ನೀರು ಕಾಣುತ್ತಿತ್ತು. ಒಂದು ದೋಣಿಯಿಲ್ಲ, ಒಂದು ಸದ್ದಿಲ್ಲ. ಆ ಶಾಂತಿ ನನಗೂ ಸೇರಲಿಲ್ಲ.